ನೋವಿಗೆ ಹಿಪ್ನಾಸಿಸ್, ರೋಗಕ್ಕೆ ಔಷಧಿ: ಸ್ತನ ಕ್ಯಾನ್ಸರ್ ಚಿಕಿತ್ಸೆಯ ಒಂದು ಹಳೆಯ ಜಗಳ

1829ರ ಏಪ್ರಿಲ್ 12. ಪ್ಯಾರಿಸ್‌ನಲ್ಲಿ ಜೂಲ್ಸ್ ಕ್ಲೋಕೆ ಎಂಬ ಸರ್ಜನ್ 64 ವರ್ಷದ ಹೆಂಗಸೊಬ್ಬರ ಸ್ತನವನ್ನು ಕೊಯ್ದು ತೆಗೆದರು. ಕಾರಣ ಕ್ಯಾನ್ಸರ್. ಅರಿವಳಿಕೆ ಔಷಧಿ ಇನ್ನೂ ಬಂದಿರದ ಕಾಲ ಅದು. ಆಪರೇಷನ್ ಅಂದರೆ ಸಾಕು, ಆಕೆ ನಡುಗುತ್ತಿದ್ದರು. ಹಾಗಾಗಿ ಇನ್ನೊಬ್ಬ ವೈದ್ಯರು ತಿಂಗಳುಗಳಿಂದ ಆಕೆಗೆ ‘ಮ್ಯಾಗ್ನೆಟಿಕ್ ನಿದ್ರೆ’, ಅಂದರೆ ಇವತ್ತಿನ ಹಿಪ್ನಾಸಿಸ್‌ನ ಹಳೆಯ ರೂಪ, ಅಭ್ಯಾಸ ಮಾಡಿಸಿದ್ದರು. ಅವತ್ತೂ ಅದನ್ನೇ ಮಾಡಿದರು. ಆಕೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಕತ್ತಿ ಕಂಕುಳಿನ ಗಂಟುಗಳವರೆಗೂ ಹೋಯಿತು. ಹತ್ತು-ಹನ್ನೆರಡು ನಿಮಿಷದ ಕೆಲಸ. ಅಷ್ಟೂ ಹೊತ್ತು ಆಕೆ ಸರ್ಜನ್ ಜೊತೆ ಸಮಾಧಾನವಾಗಿ ಮಾತಾಡುತ್ತಲೇ ಇದ್ದರು. ಗಾಯದ ಸುತ್ತ ಸ್ಪಂಜಿನಿಂದ ಒರೆಸಿದಾಗ ಮಾತ್ರ ಕಚಗುಳಿ ಆಗುತ್ತೆ ಅಂದರಂತೆ.

ಕೆಲವೇ ವಾರಗಳಲ್ಲಿ ಆಕೆ ಶ್ವಾಸಕೋಶದ ಪೊರೆಯ ಉರಿಯೂತದಿಂದ ತೀರಿಕೊಂಡರು. ಆ ನಿದ್ರೆ ನೋವನ್ನು ತಡೆಯಿತು, ಜೀವವನ್ನು ಉಳಿಸಲಿಲ್ಲ. ಇದು ನೋವಿಗಷ್ಟೇನಾ, ರೋಗಕ್ಕೂ ಆಗುತ್ತಾ ಎಂದು ಮುಂದೆ ಎರಡು ಶತಮಾನ ನಡೆದ ಜಗಳಕ್ಕೆ ಉತ್ತರ ಅಲ್ಲೇ ಇತ್ತು ಅಂತ ನನಗನ್ನಿಸುತ್ತದೆ.

ಆದರೆ ವೈದ್ಯರಲ್ಲಿ ಹಲವರು ಆ ಘಟನೆಯನ್ನೇ ನಂಬಲಿಲ್ಲ. ಅದಕ್ಕೆ ಹಿನ್ನೆಲೆ ಇತ್ತು. 1784ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೇ ಮುಂತಾದವರಿದ್ದ ಸಮಿತಿ ಈ ವಿದ್ಯೆಗೆ (ಮೆಸ್ಮರಿಸಂ) ಮೂಲಪುರುಷ ಎನ್ನಿಸಿಕೊಂಡ ವೈದ್ಯ ಮೆಸ್ಮರ್ ಹೇಳುತ್ತಿದ್ದ ಕಾಂತಶಕ್ತಿಯನ್ನು ಪರೀಕ್ಷಿಸಿ, ಅಂಥದ್ದೇನೂ ಇಲ್ಲ, ಎಲ್ಲ ಕಲ್ಪನೆಯ ಕೆಲಸ ಎಂದಿತ್ತು. ತೀರ್ಮಾನ ಸರಿಯೇ. ಕಲ್ಪನೆಗೇ ಇಷ್ಟು ಬಲ ಇದ್ದರೆ ಅದನ್ನು ಬಳಸಬಹುದಲ್ವಾ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. 1846ರಲ್ಲಿ ಬಾಸ್ಟನ್‌ನಲ್ಲಿ ಈಥರ್ ಬಂತು. ನಿಮಿಷಗಳಲ್ಲಿ ಮಲಗಿಸುವ ಔಷಧಿ ಸಿಕ್ಕ ಮೇಲೆ ತಿಂಗಳುಗಟ್ಟಲೆ ಅಭ್ಯಾಸ ಯಾರಿಗೆ ಬೇಕು? ಎರಡು ವರ್ಷದ ನಂತರ ಲಂಡನ್ನಿನ ವೈದ್ಯ ಜಾನ್ ಎಲಿಯಟ್ಸನ್ ಸ್ತನ ಕ್ಯಾನ್ಸರ್ ಮೆಸ್ಮರಿಸಂನಿಂದಲೇ ವಾಸಿಯಾಯಿತು ಎಂದು ಬರೆದರು. ಇಂಥ ಮಾತುಗಳಿಂದ ಈ ವಿದ್ಯೆಯ ಹೆಸರು ಇನ್ನಷ್ಟು ಕೆಟ್ಟಿತು.

ವೈದ್ಯ ಸಂಘಗಳು ಹಿಪ್ನಾಸಿಸ್ ಅನ್ನು ಒಪ್ಪಿದ್ದು ಬಹಳ ತಡವಾಗಿ. ಬ್ರಿಟನ್ನಿನ ಸಂಘ 1955ರಲ್ಲಿ, ಅಮೆರಿಕದ ಸಂಘ 1958ರಲ್ಲಿ.

1983ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೇವಿಡ್ ಸ್ಪೀಗಲ್, ಕ್ಯಾನ್ಸರ್ ದೇಹದ ಬೇರೆ ಕಡೆಗೂ ಹರಡಿದ್ದ 54 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ಗುಂಪಿನಲ್ಲಿ ಕೂತು ಮಾತಾಡುವುದರ ಜೊತೆಗೆ ಸ್ವಯಂ ಹಿಪ್ನಾಸಿಸ್ ಕಲಿತವರಿಗೆ ನೋವು ಕಡಿಮೆ ಇತ್ತು. 1989ರಲ್ಲಿ ಅವರದೇ ಇನ್ನೊಂದು ವರದಿ ಬಂತು: ಇಂಥ ಗುಂಪಿನಲ್ಲಿದ್ದವರು ಸರಾಸರಿ 36.6 ತಿಂಗಳು ಬದುಕಿದರು, ಇಲ್ಲದವರು 18.9 ತಿಂಗಳು. ಎಂಥ ಆಸೆ ಹುಟ್ಟಿಸುವ ಲೆಕ್ಕ! ಆದರೆ 2001ರಲ್ಲಿ ಬೇರೆಯವರು 235 ಮಹಿಳೆಯರ ಮೇಲೆ ಗುಂಪು ಚಿಕಿತ್ಸೆಯನ್ನು ಪರೀಕ್ಷಿಸಿದಾಗ ಆಯುಷ್ಯ ಹೆಚ್ಚಲಿಲ್ಲ. ನೋವು ಮತ್ತು ಮನಸ್ಸಿನ ಸಂಕಟ ಮಾತ್ರ ತಗ್ಗಿತು. 2007ರಲ್ಲಿ ಸ್ಪೀಗಲ್ ತಾವೇ ಮತ್ತೆ ಪರೀಕ್ಷಿಸಿದರು. ಒಟ್ಟಾರೆ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಪ್ರಕಟಿಸಿದರು. ಈ ಪ್ರಾಮಾಣಿಕತೆಗೆ ನಾವು ಋಣಿಗಳು.

ಅದೇ 2007ರಲ್ಲಿ ನ್ಯೂಯಾರ್ಕಿನ ಗೈ ಮಾಂಟ್ಗೊಮರಿ ತಂಡ, ಸ್ತನದ ಆಪರೇಷನ್‌ಗೆ ಬಂದ 200 ಮಹಿಳೆಯರ ಅಧ್ಯಯನ ಹೊರತಂದಿತು. ಅರ್ಧದಷ್ಟು ಮಂದಿಗೆ ಆಪರೇಷನ್‌ಗೆ ಮುಂಚೆ 15 ನಿಮಿಷ ಹಿಪ್ನಾಸಿಸ್. ಮೈ ಸಡಿಲ ಬಿಡಿಸಿ, ಹಿತವಾದ ದೃಶ್ಯ ಕಲ್ಪಿಸಿಕೊಳ್ಳಲು ಹೇಳಿ, ನೋವು, ವಾಕರಿಕೆ, ಸುಸ್ತು ಕಡಿಮೆ ಇರುತ್ತದೆ ಎಂದು ಸೂಚಿಸುವುದು. ಅಷ್ಟೇ. ಉಳಿದವರ ಜೊತೆ ಮನಶ್ಶಾಸ್ತ್ರಜ್ಞರು ಅಷ್ಟೇ ಹೊತ್ತು ಕೂತು ಅವರ ಮಾತು ಕೇಳಿದರು. ಹಿಪ್ನಾಸಿಸ್ ಪಡೆದವರಿಗೆ ಅರಿವಳಿಕೆ ಔಷಧಿ ಕಡಿಮೆ ಸಾಕಾಯಿತು, ನೋವು ಮತ್ತು ವಾಕರಿಕೆಯೂ ಕಡಿಮೆ. ಆದರೆ 2018ರಲ್ಲಿ ಫ್ರಾನ್ಸಿನ ಅಧ್ಯಯನವೊಂದರಲ್ಲಿ ನೋವು ತಗ್ಗಲಿಲ್ಲ, ಸುಸ್ತು ತಗ್ಗಿತು. ಅಂದರೆ ಫಲ ಎಲ್ಲ ಕಡೆ ಒಂದೇ ಥರ ಇಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗದ್ದು ಅನ್ನಿಸುವುದು ಹಾಟ್ ಫ್ಲ್ಯಾಷ್ ವಿಷಯ. ಸ್ತನ ಕ್ಯಾನ್ಸರ್ ಚಿಕಿತ್ಸೆ ಆದವರಲ್ಲಿ ಅನೇಕರಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಕಾದು ಬೆವರು ಕಿತ್ತುಕೊಳ್ಳುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ಇದಕ್ಕೆ ಬೇರೆಯವರಿಗೆ ಕೊಡುವ ಹಾರ್ಮೋನನ್ನು ಸಾಮಾನ್ಯವಾಗಿ ಇವರಿಗೆ ಕೊಡುವಂತಿಲ್ಲ. 2008ರಲ್ಲಿ ಅಮೆರಿಕದ ಗ್ಯಾರಿ ಎಲ್ಕಿನ್ಸ್ ತಂಡದ 60 ಜನರ ಅಧ್ಯಯನದಲ್ಲಿ, ವಾರಕ್ಕೊಂದರಂತೆ ಐದು ಸಲ ಹಿಪ್ನಾಸಿಸ್ ಪಡೆದವರಿಗೆ ಈ ತೊಂದರೆ 68% ಇಳಿಯಿತು.

2022ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ಮಾರ್ಗಸೂಚಿ, ಬಯಾಪ್ಸಿಯಂಥ ವಿಧಾನಗಳಲ್ಲಿ ಆಗುವ ನೋವಿಗೆ ಹಿಪ್ನಾಸಿಸ್ ಕೊಡಬಹುದು ಎಂದಿತು. ಎಲ್ಲರಿಗೂ ಒಂದೇ ರೀತಿ ಒಗ್ಗುವುದಿಲ್ಲ, ನಿಜ. ತರಬೇತಿ ಪಡೆದ ವೈದ್ಯರೋ ಮನಶ್ಶಾಸ್ತ್ರಜ್ಞರೋ ಮಾಡಬೇಕು, ಚಿಕಿತ್ಸೆ ಕೊಡುತ್ತಿರುವ ಡಾಕ್ಟರಿಗೆ ಗೊತ್ತಿರಬೇಕು. ಕೀಮೋ ಬಿಟ್ಟು ಇದನ್ನೇ ಮಾಡಿ ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ.