ಪದ ಪರಿಚಯ: ಆರ್ಟಿಸ್ಟ್ ರೆಸಿಡೆನ್ಸಿ

ನಮ್ಮ ಬಾಗಲಕೋಟೆ ಕಡೆ ಹೆದ್ದಾರಿಯ ಪಕ್ಕ ‘ರೆಸಿಡೆನ್ಸಿ’ ಎಂಬ ಬೋರ್ಡು ಕಂಡರೆ ಅದು ಲಾಡ್ಜು. ಕಲೆಯ ಲೋಕದ ರೆಸಿಡೆನ್ಸಿಯಲ್ಲೂ ಕೋಣೆ, ಊಟ ಇರುತ್ತವೆ. ಬಾಡಿಗೆ ಮಾತ್ರ ಉಳಿದುಕೊಂಡವರು ಕೊಡುವುದಿಲ್ಲ. ಒಂದು ಸಂಸ್ಥೆ ಒಬ್ಬ ಕಲಾವಿದರನ್ನು ಕೆಲವು ವಾರ ಅಥವಾ ತಿಂಗಳು ಕರೆಸಿಕೊಂಡು, ವಸತಿ, ಕೆಲಸದ ಜಾಗ, ಕೈಖರ್ಚಿಗೆ ಒಂದಿಷ್ಟು ಹಣ ಕೊಟ್ಟು, ‘ಇನ್ನು ನಿಮ್ಮ ಕೆಲಸ ನೀವು ಮಾಡ್ರಿ’ ಎಂದು ಬಿಟ್ಟುಬಿಡುವ ಏರ್ಪಾಡು ಅದು. ಕೊನೆಗೆ ಮುಗಿದ ಕೃತಿಯನ್ನು ಒಪ್ಪಿಸಲೇಬೇಕೆಂಬ ಕರಾರು ಬಹಳ ಕಡೆ ಇರುವುದಿಲ್ಲ. ಏನು ನೋಡಿದಿರಿ, ಏನು ಯೋಚಿಸಿದಿರಿ ಎಂದು ನಾಲ್ಕು ಜನರ ಮುಂದೆ ತೋರಿಸಿದರೆ ಸಾಕು.

ಪದ್ಧತಿ ಹಳೆಯದು. ಫ್ರಾನ್ಸ್ ದೇಶ 1666ರಲ್ಲಿ ರೋಮ್ ನಗರದಲ್ಲಿ ಅಕಾಡೆಮಿ ತೆರೆದು ತನ್ನ ಕಲಾವಿದರನ್ನು ಅಲ್ಲಿರಲು ಕಳಿಸುತ್ತಿತ್ತು. ಅಮೆರಿಕದ ಮ್ಯಾಕ್‌ಡೊವೆಲ್ ಎಂಬ ರೆಸಿಡೆನ್ಸಿ 1907ರದ್ದು. ದೆಹಲಿಯ ಖೋಜ್ ಎಂಬ ಕಲಾಸಂಸ್ಥೆ 1997ರಲ್ಲಿ ಶುರುವಾಯಿತು; ಬೆಂಗಳೂರಿನಲ್ಲಿ ಒನ್ ಶಾಂತಿರೋಡ್ ಎಂಬ ಕಲಾಕೇಂದ್ರ ಇದೆ. ಸಿನಿಮಾದವರಿಗೆ ಹತ್ತಿರದ ಉದಾಹರಣೆ ಬೇಕೆಂದರೆ ಕೆನಡಾದ ಒಂಟಾರಿಯೊದಲ್ಲಿ ಫಿಲಿಪ್ ಹಾಫ್‌ಮನ್ 1994ರಿಂದ ನಡೆಸಿಕೊಂಡು ಬಂದ ಫಿಲ್ಮ್ ಫಾರ್ಮ್ ಎಂಬ ಶಿಬಿರ. ಅಲ್ಲಿ ಬಂದವರು ಹೊಲದ ಕೊಟ್ಟಿಗೆಯಲ್ಲೇ ತಮ್ಮ ರೀಲು ತಾವೇ ತೊಳೆದು ಚಿತ್ರ ಮೂಡಿಸಿಕೊಳ್ಳುತ್ತಾರೆ.

ಇಲ್ಲಿ ‘ಸಿನಿಮಾದವರು’ ಎಂದಾಗ ಹೀರೋ, ಹಾಡು, ಇಂಟರ್ವಲ್ ನೆನಪಾಗುವುದು ಬೇಡ. ಹೆಚ್ಚಾಗಿ ಒಬ್ಬರೇ ಕ್ಯಾಮೆರಾ ಹಿಡಿದು, ಕಥೆಯ ಹಂಗಿಲ್ಲದೆ ಚಿತ್ರ ಮಾಡಿ, ಗ್ಯಾಲರಿಗಳಲ್ಲೂ ಚಿತ್ರೋತ್ಸವಗಳಲ್ಲೂ ತೋರಿಸುವವರು ಇವರು. ಕೆಲವರು ಈಗಲೂ 16 ಮಿ.ಮೀ. ರೀಲಿನಲ್ಲಿ ತೆಗೆಯುತ್ತಾರೆ. 100 ಅಡಿ ರೀಲು, ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ, ಮೂರು ನಿಮಿಷವೂ ಓಡುವುದಿಲ್ಲ. ಹಾಗಾಗಿ ಬಟನ್ ಒತ್ತುವ ಮೊದಲು ಕೂತು ನೋಡುವುದೇ ಜಾಸ್ತಿ. ರೆಸಿಡೆನ್ಸಿಯ ಉಪಯೋಗ ಇವರಿಗೆ ಹೆಚ್ಚು ಆಗುವುದು ಅದಕ್ಕೇ.

ಉದಾಹರಣೆಗೆ, ಗಿಡ, ಬಟ್ಟೆ, ಹಳ್ಳಿ ಎಂದು ಮೂರು ವಿಷಯ ಬರೆದು ಅರ್ಜಿ ಹಾಕಿದ ಇಂಥವರು ನಮ್ಮ ನೇಕಾರರ ಊರುಗಳಾದ ಇಳಕಲ್ಲಿಗೋ ಗುಳೇದಗುಡ್ಡಕ್ಕೋ ಬಂದರೆ ಮೊದಲ ವಾರದಲ್ಲೇ ಮೂರೂ ಒಂದರಲ್ಲೊಂದು ಕಲೆತುಹೋಗುತ್ತವೆ. ಪುಂಡಿಯನ್ನೇ ನೋಡಿ. ಎಲೆ ರೊಟ್ಟಿಯ ಜೊತೆಗೆ ಪಲ್ಯ. ಅದೇ ಗಿಡದ ಕಾಂಡ ನೆನೆಹಾಕಿ ನಾರು ತೆಗೆದರೆ ಹಗ್ಗ. ಕುರಿಯ ಉಣ್ಣೆಯ ಕಂಬಳಿ ಬಿರುಸಾಗಲು ಬೇಕಾದ ಗಂಜಿ ಹುಣಸೆ ಬೀಜದ್ದು. ಇಳಕಲ್ ಸೀರೆಯ ಕೆಂಪು ಸೆರಗಿನ ಬಿಳಿ ಚಿತ್ತಾರದಲ್ಲಿ ಹಣಿಗೆಯಿದೆ, ಕೋಟೆಯಿದೆ, ಜೋಳದ ತೆನೆಯೂ ಇದೆ. ಕಸೂತಿಯಲ್ಲಿ ತುಳಸಿಕಟ್ಟೆ. ಜಯಧರ ಹತ್ತಿ ಎರೆಹೊಲದಲ್ಲಿ ಮಳೆಯ ತೇವದ ಮೇಲೆಯೇ ಬೆಳೆಯುತ್ತದೆ. ತುಳಸಿಗೇರಿಯ ಖಾದಿ ಕೇಂದ್ರದಲ್ಲಿ ನೇಯುವ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ರಾಷ್ಟ್ರಧ್ವಜವಾಗುತ್ತದೆ. ಗಿಡದ ಬಗ್ಗೆ ಮಾತ್ರ ಚಿತ್ರ ಮಾಡುತ್ತೇನೆ ಎಂದು ಹಟ ಹಿಡಿದರೂ ಇಲ್ಲಿ ಆಗುವ ಮಾತಲ್ಲ.

ಉಳಿಯುವುದರಿಂದ ಏನು ಬದಲಾಗುತ್ತದೆ? ಎರಡು ದಿನಕ್ಕೆ ಬಂದ ಶೂಟಿಂಗ್ ತಂಡ ಲಾಳಿ ಓಡುವುದನ್ನು ಹಿಡಿಯುತ್ತದೆ, ನೇಕಾರರ ಮುಖ ಹಿಡಿಯುತ್ತದೆ, ಹೋಗುತ್ತದೆ. ಆದರೆ ಸಾಂಪ್ರದಾಯಿಕ ಇಳಕಲ್ ಸೀರೆಯ ಕಷ್ಟವೆಲ್ಲ ಲಾಳಿ ಓಡುವ ಮೊದಲೇ ಇದೆ. ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೂಡುವ ಎಳೆಗಳು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಬೇಕು. ಪ್ರತಿ ಸೀರೆಗೂ ಹೊಸದಾಗಿ ಇದೇ ಕೆಲಸ. ಹಾಸು ಹೂಡುವುದು, ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು ಹೆಚ್ಚಾಗಿ ಮನೆಯ ಹೆಂಗಸರ ಕೈಯಲ್ಲಿ, ಅಡುಗೆ ಮತ್ತು ಮಕ್ಕಳ ನಡುವೆ ಸಾಗುತ್ತದೆ. ‘ನೇಕಾರರು ಯಾರ್ರೀ?’ ಎಂದು ಕೇಳಿದರೆ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವರನ್ನೇ ತೋರಿಸುತ್ತಾರೆ. ಉಳಿದದ್ದು ಕಾಣಬೇಕಾದರೆ ಅದೇ ಪಡಸಾಲೆಯಲ್ಲಿ ಕ್ಯಾಮೆರಾ ಇಲ್ಲದೆ ಹಲವು ಮಧ್ಯಾಹ್ನ ಕೂತಿರಬೇಕು.

ಋತುವೂ ಹಾಗೆಯೇ. ಎಳ್ಳ ಅಮವಾಸ್ಯೆಗೆ ಬಂದವರನ್ನು ‘ಬರ್ರಿ ಅಕ್ಕಾರ, ಚರಗ ಚೆಲ್ಲಾಕ ಹೋಗೂಣು’ ಎಂದು ಬೆಳೆಗೆ ಎಡೆ ಕೊಡಲು ಹೊಲಕ್ಕೆ ಕರೆದೊಯ್ಯುತ್ತಾರೆ. ಅದೇ ಹೊಲದ ಜೋಳ ಕೊಯ್ಲಿಗೆ ಬರುವ ಹೊತ್ತಿಗೆ ಮುತ್ತುಗ ಹೂಬಿಡುತ್ತದೆ, ಹತ್ತಿ ಬಿಡಿಸುವುದು ನಡೆಯುತ್ತದೆ. ವಾರದ ಮಟ್ಟಿಗೆ ಬಂದವರಿಗೆ ಇದರಲ್ಲಿ ಯಾವುದೋ ಒಂದು ಸಿಕ್ಕೀತು.

ಗಿಡವನ್ನೇ ಸಿನಿಮಾದ ಸಾಮಗ್ರಿ ಮಾಡಿಕೊಳ್ಳುವ ದಾರಿಯೂ ಉಂಟು. ಅದರ ಹೆಸರು ಫೈಟೋಗ್ರಾಮ್, ರೂಪಿಸಿದವರು ಇಂಥದೇ ಸಿನಿಮಾ ಮಾಡುವ ಕರೆಲ್ ಡೋಯಿಂಗ್. ಎಲೆಯನ್ನು ವಾಷಿಂಗ್ ಸೋಡಾ ಮತ್ತು ವಿಟಮಿನ್ ಸಿ ಕಲಸಿದ ನೀರಿನಲ್ಲಿ ನೆನೆಸಿ, ಕಪ್ಪು-ಬಿಳುಪು ರೀಲಿನ ಮೇಲೆ ಹರಡಿ ಬಿಸಿಲಿಗಿಡಬೇಕು. ಎಲೆಯೊಳಗಿನ ರಸಾಯನವೇ ರೀಲಿನ ಬೆಳ್ಳಿಯ ಲವಣದ ಮೇಲೆ ಕೆಲಸ ಮಾಡಿ ನರನರವೂ ಕಾಣುವ ಅಚ್ಚು ಮೂಡಿಸುತ್ತದೆ. ಕ್ಯಾಮೆರಾ ಬೇಡ, ಕತ್ತಲ ಕೋಣೆ ಬೇಡ. ಬಿಸಿಲಿಗಂತೂ ವಿಜಯಪುರದಲ್ಲಿ ಬರವಿಲ್ಲ.

ಒಂದು ತಕರಾರು ನನ್ನದಿದೆ. ಹೊರಗಿನಿಂದ ಬರುವ ಬಹಳ ಜನರಿಗೆ ‘ನೈಸರ್ಗಿಕ ಬಣ್ಣ’ದ ಮೋಹ. ದಾಳಿಂಬೆ ಸಿಪ್ಪೆಯಿಂದ ಹಳದಿ ಬರುವುದು ನಿಜ. ಅರಿಸಿನವೂ ಬಣ್ಣ ಕೊಡುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ ಅಷ್ಟೇ. ಆದರೆ ಇಂದು ಇಳಕಲ್ ಪೇಟೆಯ ನೂಲಿಗೆ ಬೀಳುವುದು ಹೆಚ್ಚಾಗಿ ರಾಸಾಯನಿಕ ಬಣ್ಣ, ಪಕ್ಕದ ಓಣಿಯಲ್ಲಿ ಪವರ್‌ಲೂಮಿನ ಸದ್ದು. ಅವೆರಡನ್ನೂ ಚೌಕಟ್ಟಿನಿಂದ ಹೊರಗಿಟ್ಟು ತೆಗೆದ ಚಿತ್ರ ಚೆಂದ ಕಂಡೀತು, ನೇಕಾರರ ಊರು ಅದರಲ್ಲಿ ಇರುವುದಿಲ್ಲ.

ಹಳ್ಳಿಯಲ್ಲಿ ನಡೆಯುವ ರೆಸಿಡೆನ್ಸಿಯಲ್ಲಿ ಆತಿಥ್ಯ ಕೊಡುವವರು ಇಬ್ಬರು: ಹಣ ಹಾಕುವ ಸಂಸ್ಥೆ, ಮತ್ತು ಅಂಗಳ ಬಿಟ್ಟುಕೊಡುವ ಮನೆಯವರು. ಕಾಗದದ ಮೇಲೆ ಬರುವುದು ಮೊದಲನೆಯವರ ಹೆಸರು ಮಾತ್ರ. ಕೈಮಗ್ಗ ನಿಂತರೆ ಆ ದಿನದ ಗಳಿಕೆ ನಿಲ್ಲುತ್ತದೆ. ಆದ್ದರಿಂದ ಚಿತ್ರಕ್ಕಾಗಿ ತಡೆದ ಹೊತ್ತಿಗೆ ಕೂಲಿ ಕೊಡಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಬೇಡವೆಂದವರ ದೃಶ್ಯ ತೆಗೆದುಹಾಕುವ ಮಾತು ಅದರಲ್ಲಿರಬೇಕು. ಹೆಸರು ಹಾಕುವಾಗ ಕಂಡಿಕೆ ಸುತ್ತಿದವರದ್ದೂ ಬರಲಿ. ಮೊದಲ ಪ್ರದರ್ಶನ ಊರಿನ ಸಮುದಾಯ ಭವನದಲ್ಲೇ ಆದರೆ, ಎಲ್ಲಿ ತಪ್ಪಾಗಿದೆ ಎಂದು ಮುಖದ ಮೇಲೇ ಹೇಳುವವರು ಸಿಗುತ್ತಾರೆ.

ಕಲೆ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರೂ ಇಂಥವಕ್ಕೆ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಕೇಳುವುದು ಹಿಂದಿನ ಕೆಲಸದ ಮಾದರಿ, ಅಲ್ಲಿ ಏನು ಮಾಡಬೇಕೆಂದಿದ್ದೀರಿ ಎಂಬ ಒಂದೆರಡು ಪುಟದ ಬರಹ. ಅರ್ಜಿ ತುಂಬುವ ಮೊದಲು ಹಣದ ಸಾಲನ್ನು ಓದಿ. ಕೆಲವು ಕಡೆ ಪ್ರಯಾಣ, ವಸತಿ, ಭತ್ಯೆ ಮೂರನ್ನೂ ಕೊಡುತ್ತಾರೆ, ಕೆಲವು ಕಡೆ ವಸತಿ ಮಾತ್ರ. ಇನ್ನು ಕೆಲವು ಕಡೆ ಕಲಾವಿದರಿಂದಲೇ ಶುಲ್ಕ ವಸೂಲಿ ಮಾಡುತ್ತಾರೆ. ಅಂಥದ್ದಕ್ಕೆ ಹೆದ್ದಾರಿ ಬೋರ್ಡಿನ ಅರ್ಥವೇ ಸರಿ.