ಏಳು ಡಬ್ಬಿ, ಎಂಟು ಡಬ್ಬಿ, ಮೂರೇ ಸುತ್ತು

ನಮ್ಮ ಕಲಬುರಗಿ ಜಿಲ್ಲಾದ ವಾಡಿ ಕಡೆ ರೈಲ್ವೆ ಗೇಟ್ ಬಿತ್ತಂದ್ರ ಸಿಮೆಂಟಿನ ಗೂಡ್ಸ್ ಗಾಡಿ ಹೋಗೋತನಾ ಬೈಕ್ ಬಂದ್ ಮಾಡಿ ಡಬ್ಬಿ ಎಣಸೋದು ಬಿಟ್ರ ಬ್ಯಾರೆ ಕೆಲಸ ಇರಂಗಿಲ್ಲ. ಈಗ ಎಣಸಂಗಿಲ್ಲ ಅಂತ ಇಟ್ಕೋರಿ. ಒಂದು ಗಾಡಿಗಿ 7 ಡಬ್ಬಿ, ಇನ್ನೊಂದಕ್ಕ 8, ಎಲ್ಲಾ ಒಂದೇ ನಮೂನಿ, ಯಾವುದು ಮುಂದ ಯಾವುದು ಹಿಂದ ಅನ್ನೋದಷ್ಟೇ ಕಾಣ್ತದ. ಎರಡೂ ಬ್ಯಾರೆ ಅಂತ ಹ್ಯಾಂಗ ತೋರಸ್ತೀರಿ?

ಲಾಜಿಕ್‌ನವರು ಇದಕ್ಕ ಒಂದು ಆಟ ಇಟ್ಟಾರ. ಆಡಾವರು ಇಬ್ಬರು: ಎರಡೂ ಗಾಡಿ ಬ್ಯಾರೆ ಅಂತ ತೋರಸಾಂವ ‘ಕೆಡಸಾಂವ’, ಒಂದೇ ಅಂತ ತೋರಸಾಂವ ‘ನಕಲು ಹೊಡ್ಯಾಂವ’. ಕೆಡಸಾಂವ ಎರಡರಾಗ ಯಾವುದಾದ್ರೂ ಗಾಡೀದು ಒಂದು ಡಬ್ಬಿ ಮುಟ್ತಾನ, ನಕಲು ಹೊಡ್ಯಾಂವ ಇನ್ನೊಂದು ಗಾಡಿಯಾಗ ಅದಕ್ಕ ಜೋಡಿ ಮುಟ್ಟಬೇಕು (ಪರೀಕ್ಷಾದಾಗ ನಾವೂ ಇದನ್ನೇ ಮಾಡೀವಿ, ಬಿಡ್ರಿ). ಇಷ್ಟಾದ್ರ ಒಂದು ಸುತ್ತು. ಎಲ್ಲಾ ಸುತ್ತು ಮುಗದಾಗ ಮುಟ್ಟಿದ ಡಬ್ಬಿಗಳ ಹಿಂದ-ಮುಂದ ಎರಡೂ ಕಡೆ ತಾಳೆ ಆದ್ರ ನಕಲಿನಾಂವ ಗೆದ್ದ. ಫ್ರಾನ್ಸಿನ ರೋಲಾಂ ಫ್ರಾಯಿಸೆ 1950ರ ದಶಕದಾಗ ಇದರ ಗಣಿತ ಕಟ್ಟಿದ್ರು, ಪೋಲೆಂಡಿನ ಆಂಜೆಯ್ ಎರೆನ್‌ಫಾಯ್ಖ್ಟ್ 1961ರಾಗ ಅದನ್ನ ಆಟ ಮಾಡಿದ್ರು.

ಮೊದಲ 6 ಮತ್ತು 7 ಡಬ್ಬಿ ಇಟ್ಟು 3 ಸುತ್ತು ಆಡ್ರಿ. ಕೆಡಸಾಂವ 7ರ ನಟ್ಟನಡುವಿಂದು ಮುಟ್ತಾನ, ಆಚೆ 3 ಈಚೆ 3, ಆದ್ರ 6ರಾಗ ಬರೋಬರಿ ನಡು ಎಲ್ಲದ, ಎಲ್ಲಿ ಮುಟ್ಟಿದ್ರೂ ಒಂದು ಬದಿಗಿ 2ಕ್ಕಿಂತ ಹೆಚ್ಚು ಉಳಿಯಂಗಿಲ್ಲ. ಆ ಬದಿಯ 3ರಾಗ ಮತ್ತ ನಡುವಿಂದು ಮುಟ್ತಾನ, 2ರಾಗ ಏನು ಮಾಡಿದ್ರೂ ಒಂದು ಕಡೆ ಖಾಲಿ, ಮೂರನೇ ಸುತ್ತಿಗಿ ಆ ಖಾಲಿ ಕಡೇದ್ದಕ್ಕ ಜೋಡಿ ಕೇಳ್ತಾನ, ಖೇಲ್ ಖತಂ.

7 ಮತ್ತು 8 ಇಟ್ರ? ಕೆಡಸಾಂವ ಎಷ್ಟೇ ಶಾಣ್ಯಾ ಇರಲಿ, 3 ಸುತ್ತಿನಾಗ ಸೋಲ್ತಾನ. 4 ಸುತ್ತು ಕೊಟ್ರ ಗೆಲ್ತಾನ, ಆದ್ರ ಆವಾಗ 15 ಮತ್ತು 16ರ ಮುಂದ ಕೈ ಸೋಲ್ತದ. 10 ಸುತ್ತಿಗಿ 1023 ಮತ್ತು 1024.

ನನಗ ಇದು ಬರೀ ಆಟ ಅನಸಂಗಿಲ್ಲ, ಯಾಕಂದ್ರ ಸುತ್ತಿನ ಲೆಕ್ಕ ಅಂದ್ರ ಗಾಡಿ ಬಗ್ಗೆ ಹೇಳೋ ಒಂದು ವಾಕ್ಯದಾಗ ‘ಪ್ರತಿಯೊಂದು ಡಬ್ಬಿಗೂ’, ‘ಒಂದು ಡಬ್ಬಿಯಾದ್ರೂ ಅದ’ ಅನ್ನೋ ಮಾತು ಒಂದರೊಳಗ ಒಂದು ಎಷ್ಟು ಆಳಕ್ಕ ಹೋಗ್ಯಾವ ಅನ್ನೋ ಲೆಕ್ಕ. ವಾಕ್ಯ ಎಷ್ಟೇ ಉದ್ದ ಇರಲಿ, ಆಳಕ್ಕ ಒಂದು ಮಿತಿ ಇದ್ದೇ ಇರ್ತದ, ಅಷ್ಟು ಸುತ್ತಿನಾಗ ಕೆಡಸಾಂವ ಸೋಲೋವಷ್ಟು ಉದ್ದದ್ದು ಒಂದು ಸರಿ ಒಂದು ಬೆಸ ಗಾಡಿ ತಂದು ನಿಲ್ಲಿಸಿದ್ರ ಅದಕ್ಕ ಎರಡೂ ಒಂದೇ. ಹಿಂಗಾಗಿ ‘ಡಬ್ಬಿ ಸರಿಸಂಖ್ಯೆ ಅವ’ ಅನ್ನೋ ಇಷ್ಟು ಸಣ್ಣ ಮಾತು ಹಿಂದ-ಮುಂದ, ‘ಪ್ರತಿಯೊಂದು’, ‘ಒಂದಾದ್ರೂ’ ಇಂಥ ಮಾತಷ್ಟೇ ಇರೋ ಈ ಭಾಷಾದಾಗ ಹೇಳಲಿಕ್ಕೇ ಬರಂಗಿಲ್ಲ.

ಇನ್ನೂ ಮಜಾ ಅಂದ್ರ, ಒಂದು ಕಡೆ ಬರೀ ಭಿನ್ನರಾಶಿಗಳು, ಇನ್ನೊಂದು ಕಡೆ ಎಲ್ಲಾ ವಾಸ್ತವ ಸಂಖ್ಯೆ, ಸಣ್ಣದು-ದೊಡ್ಡದು ಅಷ್ಟೇ ನೋಡಬೇಕು. ಮೊದಲಿನದ್ರಾಗ 2ರ ವರ್ಗಮೂಲ ಇರೋ ಜಾಗಾ ತೂತು ಬಿದ್ದದ. ಎಷ್ಟು ಸುತ್ತು ಆಡಿದ್ರೂ ಕೆಡಸಾಂವಗ ಆ ತೂತು ಸಿಗಂಗಿಲ್ಲ.