ಕ್ಯಾರಕಲ್: ಒಂದೇ ಬೆಕ್ಕು, ನಾಲ್ಕು ಪಟ್ಟಿ

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಜೊತೆಯಾಗಿ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಹುಲಿ, ಚಿರತೆ, ಸಿಂಹಗಳನ್ನು ಎಲ್ಲರೂ ಓದಿಯೇ ಇರುತ್ತಾರೆ. ಆದ್ದರಿಂದ ಅವುಗಳ ತಂಟೆಗೆ ಹೋಗದೆ, ಪಠ್ಯಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸಿಬಿಡುವ ಕ್ಯಾರಕಲ್ ಒಂದನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ.

ಗುರುತು ಮತ್ತು ಜೀವನಕ್ರಮ

ಕ್ಯಾರಕಲ್ ಮಧ್ಯಮ ಗಾತ್ರದ, ನೀಳ ಕಾಲಿನ, ಕೆಂಪು ಬೆರೆತ ಮರಳುಬಣ್ಣದ ಬೆಕ್ಕು. ತೂಕ ಸಾಮಾನ್ಯವಾಗಿ 8ರಿಂದ 19 ಕಿಲೋ, ಭುಜದ ಎತ್ತರ 40ರಿಂದ 50 ಸೆಂಟಿಮೀಟರ್. ಕಿವಿಯ ಹಿಂಬದಿ ಕಪ್ಪಾಗಿದ್ದು, ತುದಿಯಲ್ಲಿ ಕರಿಗೂದಲಿನ ಉದ್ದನೆಯ ಕುಚ್ಚು ಇರುತ್ತದೆ. ಈ ಕುಚ್ಚನ್ನು ನೋಡಿ ಇದನ್ನು ಲಿಂಕ್ಸ್ ಕುಲಕ್ಕೆ ಸೇರಿಸಬಾರದು. ಇದರ ಹತ್ತಿರದ ಬಂಧುಗಳು ಆಫ್ರಿಕಾದ ಸರ್ವಲ್ ಮತ್ತು ಆಫ್ರಿಕಾದ ಹೊಂಬಣ್ಣದ ಬೆಕ್ಕು. ನಮ್ಮ ತೊಗರಿ ಹೊಲಗಳ ಬದುಗಳಲ್ಲಿ ಸಂಜೆ ಹೊತ್ತು ಕಾಣಸಿಗುವ ಸಾಮಾನ್ಯ ಕಾಡುಬೆಕ್ಕಿನ ಕಿವಿಯಲ್ಲೂ ಸಣ್ಣ ಕುಚ್ಚಿರುತ್ತದೆ, ಆದರೆ ಅದರ ಬಾಲದ ತುದಿ ಕಪ್ಪಾಗಿದ್ದು ಅದಕ್ಕೂ ಮೊದಲು ಕಪ್ಪು ಬಳೆಗಳಿರುತ್ತವೆ. ಕ್ಯಾರಕಲ್‌ನ ಬಾಲದಲ್ಲಿ ಬಳೆಗಳಿಲ್ಲ. ಚಿತ್ರ ಕೊಟ್ಟು ಕೇಳಿದರೆ ಬಾಲವನ್ನೇ ಮೊದಲು ನೋಡುವುದು ಒಳ್ಳೆಯದು.

ಹಿಂಗಾಲುಗಳು ಮುಂಗಾಲುಗಳಿಗಿಂತ ಉದ್ದವಾಗಿ, ಬಲವಾಗಿ ಇರುವುದರಿಂದ ಇದು ನಿಂತಲ್ಲಿಂದಲೇ ಸುಮಾರು 3 ಮೀಟರ್ ಮೇಲಕ್ಕೆ ನೆಗೆದು, ಹಾರುತ್ತಿರುವ ಹಕ್ಕಿಯನ್ನು ಪಂಜದಿಂದ ಬಡಿದು ಕೆಡವಬಲ್ಲದು. ಫಿರೋಜ್ ಶಾ ತುಘಲಕ್ ಮತ್ತು ಅಕ್ಬರ್ ಬೇಟೆಗಾಗಿ ಇದನ್ನು ಸಾಕಿಸಿದ್ದಕ್ಕೆ ಈ ನೆಗೆತವೇ ಕಾರಣ. ಇತಿಹಾಸದ ಪುಸ್ತಕಗಳಲ್ಲಿ ಬರುವ ಸಿಯಾಗೋಷ್ ಇದೇ. ಆದರೆ ನಿತ್ಯದ ಊಟ ಇಷ್ಟು ವೈಭವದ್ದಲ್ಲ. ರಾಜಸ್ಥಾನದ ಸರಿಸ್ಕಾದಲ್ಲಿ ನಡೆದ ಆಹಾರ ಅಧ್ಯಯನದಲ್ಲಿ ಇಲಿ ಜಾತಿಯ ಪ್ರಾಣಿಗಳೇ ಇದರ ಮುಖ್ಯ ಆಹಾರವೆಂದು ಕಂಡುಬಂದಿದೆ. ಗರ್ಭಾವಧಿ ಸುಮಾರು ಎರಡೂವರೆ ತಿಂಗಳು. ಒಂದು ಸೂಲಿಗೆ ಹೆಚ್ಚಾಗಿ ಎರಡು ಮೂರು ಮರಿಗಳು.

ಎಲ್ಲಿದೆ?

ಆಫ್ರಿಕಾದ ಬಹುಭಾಗ, ಪಶ್ಚಿಮ ಏಷ್ಯಾ, ಮಧ್ಯ ಏಷ್ಯಾದ ಕೆಲವು ಕಡೆ, ಕೊನೆಗೆ ಭಾರತ. ಅಂದರೆ ನಮ್ಮ ದೇಶ ಇದರ ವ್ಯಾಪ್ತಿಯ ಪೂರ್ವದ ಅಂಚು. 2001ರಿಂದ ಈಚೆಗೆ ಇದು ಕಂಡಿರುವುದು ರಾಜಸ್ಥಾನ, ಗುಜರಾತ್ ಮತ್ತು ಮಧ್ಯಪ್ರದೇಶಗಳಲ್ಲಿ ಮಾತ್ರ. ಅದರಲ್ಲೂ ರಣಥಂಬೋರ್ ಸುತ್ತಲಿನ ಕಣಿವೆಗಳು ಮತ್ತು ಕಚ್ ಮುಖ್ಯ.

ನಾಲ್ಕು ಪಟ್ಟಿಗಳ ಗೋಜಲು

ನಮ್ಮಲ್ಲಿ ಹೆಚ್ಚಿನವರು ತಡವರಿಸುವುದು ಇಲ್ಲಿಯೇ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಕ್ಯಾರಕಲ್ ‘ಕನಿಷ್ಠ ಕಾಳಜಿ’ ವರ್ಗದಲ್ಲಿದೆ. ಆದರೆ 2021ರ ಜನವರಿಯಲ್ಲಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯು ಇದನ್ನು ‘ತೀವ್ರ ಅಳಿವಿನಂಚಿನ’ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಎರಡರಲ್ಲಿ ಒಂದು ತಪ್ಪಿರಬೇಕು ಎಂದು ಅನ್ನಿಸುವುದು ಸಹಜ, ಆದರೆ ಎರಡೂ ಸರಿ.

ಕೆಂಪು ಪಟ್ಟಿಯ ಜಾಗತಿಕ ವರ್ಗವು ಇಡೀ ಪ್ರಭೇದವು ಭೂಮಿಯಿಂದಲೇ ಅಳಿದುಹೋಗುವ ಸಂಭವ ಎಷ್ಟು ಎಂಬುದನ್ನು ಹೇಳುತ್ತದೆ. ಅಲ್ಲಿನ ‘ತೀವ್ರ ಅಳಿವಿನಂಚಿನ’ ವರ್ಗಕ್ಕೆ ಸೇರಲು ಖಚಿತ ಮಾನದಂಡಗಳಿವೆ: ಉದಾಹರಣೆಗೆ, ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ ಸಂಖ್ಯೆ ಶೇ. 80ರಷ್ಟು ಕುಸಿದಿರಬೇಕು, ಇಲ್ಲವೇ ಜಗತ್ತಿನಲ್ಲಿ 50ಕ್ಕಿಂತ ಕಡಿಮೆ ಪ್ರೌಢ ಪ್ರಾಣಿಗಳು ಉಳಿದಿರಬೇಕು. ದಕ್ಷಿಣ ಆಫ್ರಿಕಾದಲ್ಲಿ ಕುರಿಗಾರರು ಇದನ್ನು ಪೀಡೆಯೆಂದು ನೋಡುವಷ್ಟು ಕ್ಯಾರಕಲ್‌ಗಳಿರುವಾಗ ಜಾಗತಿಕ ಲೆಕ್ಕದಲ್ಲಿ ಆತಂಕ ಕಾಣುವುದಿಲ್ಲ. ಭಾರತದಲ್ಲಿ ಉಳಿದಿರುವುದು 50ರ ಆಸುಪಾಸು ಎಂಬುದು ಅಂದಾಜು. ಇದು ಮಳೆಯ ಲೆಕ್ಕದಂತೆಯೇ: ರಾಜ್ಯದ ಸರಾಸರಿ ಮಳೆ ವಾಡಿಕೆಯಷ್ಟು ಆದ ವರ್ಷವೂ ಅಫಜಲಪುರದ ಹೊಲಗಳಲ್ಲಿ ತೊಗರಿ ಒಣಗಬಹುದು. ಸರಾಸರಿಯೂ ಸುಳ್ಳಲ್ಲ, ಬರವೂ ಸುಳ್ಳಲ್ಲ.

ವನ್ಯಜೀವಿ ಮಂಡಳಿಯ ಪಟ್ಟಿ ಬೇರೆಯೇ ಉದ್ದೇಶದ್ದು. ಕೇಂದ್ರ ಪುರಸ್ಕೃತ ವನ್ಯಜೀವಿ ಆವಾಸಸ್ಥಾನ ಅಭಿವೃದ್ಧಿ ಯೋಜನೆಯಡಿ ಯಾವ ಪ್ರಭೇದಗಳ ಪುನಶ್ಚೇತನಕ್ಕೆ ಹಣ ಕೊಡಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಹೆಸರು ಒಂದೇ ಆದರೂ ಅಲ್ಲಿ ಐಯುಸಿಎನ್ ಮಾನದಂಡ ಅನ್ವಯಿಸುವುದಿಲ್ಲ. ಇದಕ್ಕೆ ಸಾಕ್ಷಿ ಬೇಕಿದ್ದರೆ ಹಿಮಚಿರತೆಯನ್ನು ನೋಡಬಹುದು: ಅದು 2017ರಿಂದ ಕೆಂಪು ಪಟ್ಟಿಯಲ್ಲಿ ‘ದುರ್ಬಲ’ ವರ್ಗದಲ್ಲಿದ್ದರೂ ಮಂಡಳಿಯ ಪಟ್ಟಿಯಲ್ಲಿ ಮೊದಲಿನಂತೆಯೇ ಇದೆ. ಎರಡೂ ಪಟ್ಟಿಗಳು ಹೊಂದುವ ಉದಾಹರಣೆಯೂ ಇದೆ. ಹೆಬ್ಬಕ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ) ಎರಡರಲ್ಲೂ ತೀವ್ರ ಅಳಿವಿನಂಚಿನದು. ಹೀಗೆ ಕೆಲವೊಮ್ಮೆ ಹೊಂದುವುದರಿಂದಲೇ ಗೊಂದಲ ಹೆಚ್ಚುತ್ತದೆ.

ಮೂರನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ. ಕ್ಯಾರಕಲ್ ಅನುಸೂಚಿ 1ರಲ್ಲಿದೆ. 2022ರ ತಿದ್ದುಪಡಿಯು ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿದ್ದರಿಂದ ಹಳೆಯ ಪುಸ್ತಕಗಳ ಕೋಷ್ಟಕಗಳನ್ನು ನಂಬಬಾರದು. ಅನುಸೂಚಿಯು ಪ್ರಾಣಿ ಎಷ್ಟು ಅಪರೂಪ ಎಂಬುದನ್ನು ಅಳೆಯುವುದಿಲ್ಲ, ಬೇಟೆಯಾಡಿದವನಿಗೆ ಯಾವ ಶಿಕ್ಷೆ ಎಂಬುದನ್ನು ನಿಗದಿಪಡಿಸುತ್ತದೆ. ನಾಲ್ಕನೆಯದು ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದ. ಇದರಲ್ಲಿ ಒಂದೇ ಪ್ರಭೇದವು ಎರಡು ಕಡೆ ಹಂಚಿಹೋಗಿದೆ: ಏಷ್ಯಾದ ಕ್ಯಾರಕಲ್‌ಗಳು ಅನುಬಂಧ 1ರಲ್ಲಿ, ಉಳಿದವು ಅನುಬಂಧ 2ರಲ್ಲಿ.

ನನಗೆ ಹಿಡಿಸಿದ ಉಪಾಯ ಇದು. ಪ್ರಶ್ನೆಯಲ್ಲಿ ಪ್ರಾಣಿಯ ಹೆಸರಿಗಿಂತ ಮೊದಲು ಪಟ್ಟಿಯ ಹೆಸರಿನ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಒಂದು ಪದ ಬರೆದುಕೊಳ್ಳುವುದು: ಕೆಂಪು ಪಟ್ಟಿಗೆ ‘ಜಗತ್ತು’, ಮಂಡಳಿಯ ಪಟ್ಟಿಗೆ ‘ಅನುದಾನ’, ಅನುಸೂಚಿಗೆ ‘ಶಿಕ್ಷೆ’, ಸೈಟಿಸ್‌ಗೆ ‘ವ್ಯಾಪಾರ’. ಹುಲಿಯಲ್ಲಿ ಈ ಅಭ್ಯಾಸ ಮಾಡಿ ಪ್ರಯೋಜನವಿಲ್ಲ, ಏಕೆಂದರೆ ಅದು ಮಂಡಳಿಯ ಈ ಪಟ್ಟಿಯಲ್ಲೇ ಇಲ್ಲ. ಕ್ಯಾರಕಲ್‌ನಲ್ಲಿ ಮಾಡಿದರೆ ನಾಲ್ಕೂ ಬೇರೆಬೇರೆಯಾಗಿ ನಿಲ್ಲುತ್ತವೆ.

ವಿವರಣಾತ್ಮಕ ಉತ್ತರಕ್ಕೆ: ಆವಾಸದ ಪ್ರಶ್ನೆ

ಈ ಬೆಕ್ಕಿಗೆ ದಟ್ಟಡವಿ ಬೇಡ. ಕುರುಚಲು ಪೊದೆ, ಒಣ ಹುಲ್ಲು, ಮಳೆನೀರು ಕೊರೆದ ಕೊರಕಲುಗಳು ಬೇಕು. ಕೇಂದ್ರ ಭೂ ಸಂಪನ್ಮೂಲ ಇಲಾಖೆಯು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದೊಡನೆ ಸಿದ್ಧಪಡಿಸುವ ಬಂಜರು ಭೂಮಿಯ ಅಟ್ಲಾಸ್‌ನಲ್ಲಿ ದಟ್ಟ ಕುರುಚಲಿನ ಭೂಮಿ, ವಿರಳ ಕುರುಚಲಿನ ಭೂಮಿ, ಕೊರಕಲು ಬಿದ್ದ ಭೂಮಿ ಎಂಬ ವರ್ಗಗಳಿವೆ. ಕ್ಯಾರಕಲ್‌ನ ಮನೆಯ ವರ್ಣನೆಯೂ ಇದೇ. ಕಾಗದದಲ್ಲಿ ಬಂಜರು ಎಂದಾದ ಮೇಲೆ ಅದನ್ನು ಗಣಿ, ಕೈಗಾರಿಕೆ, ಸೌರ ಸ್ಥಾವರಗಳಿಗೆ ಕೊಡಲು ಅಡ್ಡಿ ಕಡಿಮೆ. ಹಸಿರು ಹೆಚ್ಚಿಸುವ ಉತ್ಸಾಹದಲ್ಲಿ ಅಲ್ಲಿ ಮರಗಳನ್ನು ಒತ್ತೊತ್ತಾಗಿ ನೆಟ್ಟರೂ ಬಯಲುಪ್ರಾಣಿಗೆ ಆಗುವ ಪರಿಣಾಮ ಅದೇ. ನಮ್ಮ ಯಾದಗಿರಿ, ಬೀದರ್ ಕಡೆಯ ಮಡ್ಡಿಗಳಲ್ಲಿ ಕ್ಯಾರಕಲ್ ಇಲ್ಲದಿದ್ದರೂ ತೋಳ, ನರಿ, ಕೃಷ್ಣಮೃಗಗಳು ಅಂಥದೇ ನೆಲವನ್ನು ನಂಬಿಕೊಂಡಿವೆ. ಆದ್ದರಿಂದ ಉತ್ತರದಲ್ಲಿ ಅರಣ್ಯನಾಶ ಎಂದು ಬರೆದು ನಿಲ್ಲಿಸದೆ, ಕುರುಚಲು ಭೂಮಿಯ ವರ್ಗೀಕರಣವನ್ನೇ ಮೊದಲ ಕಾರಣವಾಗಿ ಬರೆದು, ಸ್ಥಳೀಯ ಉದಾಹರಣೆಯಾಗಿ ಮಡ್ಡಿಯನ್ನು ಕೊಡಬಹುದು.